ತಾನಾಗಿ ಕೂಡುವ ಮೂಳೆ, ಕೂಡದೆ ಉಳಿದ ಮೂಳೆ

ಆಗಸ್ಟ್ ತಿಂಗಳ ಆ ಸೋಮವಾರ ಮೂಳೆ ಓಪಿಡಿಗೆ ಮೊದಲು ಬಂದದ್ದು ಹನ್ನೆರಡು ದಿನದ ಗಂಡುಕೂಸು. ಬಾಣಂತಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಮಗುವನ್ನು ಎತ್ತಿಕೊಂಡು ಒಳಗೆ ಬಂದವರು ಅಜ್ಜಿ. "ಎಣ್ಣೆ ಹಚ್ಚುವಾಗ ಕೈಗೆ ಗಂಟು ಸಿಕ್ತು ಡಾಕ್ಟ್ರೇ. ನಾನೇ ಜಾಸ್ತಿ ಉಜ್ಜಿಬಿಟ್ನೇನೋ" ಎನ್ನುವಾಗ ಅವರ ದನಿ ನಡುಗುತ್ತಿತ್ತು. ಬಲಗಡೆಯ ಕೊರಳೆಲುಬಿನ (ಎದೆಯ ಎಲುಬಿನಿಂದ ಭುಜದ ತುದಿಗೆ ಹೋಗುವ ಮೂಳೆ) ನಡುಭಾಗದಲ್ಲಿ ಸುಮಾರು ಒಂದು ಸೆಂಟಿಮೀಟರಿನ ಗಟ್ಟಿ ಉಬ್ಬು. ಮುಟ್ಟಿದರೆ ಮಗು ಮುಖ ಕಿವುಚುತ್ತಿತ್ತು, ಅಷ್ಟೇ.

ಅಜ್ಜಿಯ ಕೈಯಿಂದ ಏನೂ ಆಗಿಲ್ಲ ಎಂಬುದಕ್ಕೆ ಆ ಗಂಟೇ ಸಾಕ್ಷಿ. ಮೂಳೆ ಮುರಿದ ಜಾಗದಲ್ಲಿ ಹೊಸ ಮೂಳೆ ಹುಟ್ಟಿ ಕೈಗೆ ಸಿಗುವಷ್ಟು ದಪ್ಪವಾಗಲು ನವಜಾತ ಶಿಶುವಿನಲ್ಲೂ ಏಳರಿಂದ ಹತ್ತು ದಿನ ಬೇಕು. ಅಂದರೆ ಮುರಿದದ್ದು ಹೆರಿಗೆಯ ಹೊತ್ತಿನಲ್ಲೇ. ಡಿಸ್ಚಾರ್ಜ್ ಚೀಟಿಯೂ ಅದನ್ನೇ ಹೇಳುತ್ತಿತ್ತು: ಹುಟ್ಟುತೂಕ 4.1 ಕೆ.ಜಿ., ತಾಯಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ, ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಂಡಿತ್ತು. ಭುಜ ಸಿಕ್ಕಿಕೊಂಡಾಗ ಮಗುವಿಗೆ ಆಮ್ಲಜನಕ ಕಡಿಮೆಯಾಗುವ ಮೊದಲೇ ಅದನ್ನು ಹೊರತೆಗೆಯಬೇಕು, ಕೈಲಿರುವುದು ಕೆಲವೇ ನಿಮಿಷ. ಆ ಒತ್ತಡದಲ್ಲಿ ಕೊರಳೆಲುಬು ಹಸಿ ಬೇವಿನ ಕಡ್ಡಿಯಂತೆ ಒಂದು ಬದಿಗೆ ಬಿರಿಯುತ್ತದೆ, ಕೆಲವೊಮ್ಮೆ ಪೂರ್ತಿ ತುಂಡಾಗುತ್ತದೆ. ಅದನ್ನು ಹೆರಿಗೆ ಮಾಡಿಸಿದವರ ಅಜಾಗರೂಕತೆ ಎಂದು ತಿಳಿಯುವುದು ಅನ್ಯಾಯ. ಸುಲಭವಾಗಿ ಆದ ಹೆರಿಗೆಯಲ್ಲೂ, ಸಿಸೇರಿಯನ್‌ನಲ್ಲೂ ಹೀಗಾಗುವುದುಂಟು. ಹುಟ್ಟಿದ ದಿನ ಗೊತ್ತಾಗದೆ ಹೋಗುವುದೂ ಸಾಮಾನ್ಯ, ಯಾಕೆಂದರೆ ಬಿರುಕು ಮಾತ್ರ ಬಿಟ್ಟ ಮೂಳೆ ಜರುಗಿರುವುದಿಲ್ಲ, ಮಗು ಕೈಯನ್ನೂ ಅಲ್ಪಸ್ವಲ್ಪ ಆಡಿಸುತ್ತಿರುತ್ತದೆ.

ನಾವು ಮುಖ್ಯವಾಗಿ ಹುಡುಕಿದ್ದು ಮೂಳೆಯನ್ನಲ್ಲ, ನರವನ್ನು. ಕೊರಳೆಲುಬಿನ ಹಿಂದೆಯೇ ಕೈಗೆ ಹೋಗುವ ನರಗಳ ಗೊಂಚಲು ಇದೆ. ಭುಜ ಸಿಕ್ಕಿಕೊಂಡ ಹೆರಿಗೆಯಲ್ಲಿ ಅದೂ ಎಳೆದಿರಬಹುದು. ಮಗುವಿನ ತಲೆಯನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಕೆಳಗೆ ಬಿಟ್ಟರೆ ಅದು ಬೆಚ್ಚಿ ಎರಡೂ ಕೈಗಳನ್ನು ಅಗಲಿಸಬೇಕು. ಮೂಳೆ ಮುರಿದ ಮಗು ನೋವಿಗೆ ಆ ಕೈಯನ್ನು ಅರ್ಧಕ್ಕೆ ನಿಲ್ಲಿಸುತ್ತದೆ, ಆದರೆ ಮೊಣಕೈ ಮಡಚುತ್ತದೆ. ಮೇಲಿನ ನರಗಳು ಎಳೆದಿದ್ದರೆ ಕೈ ಮೈಗೆ ಅಂಟಿ, ಒಳಕ್ಕೆ ತಿರುಗಿ, ಮಣಿಕಟ್ಟು ಅಂಗೈ ಕಡೆಗೆ ಮಡಚಿ ಜೋತುಬಿದ್ದಿರುತ್ತದೆ, ಬೆರಳಿನ ಹಿಡಿತ ಮಾತ್ರ ಉಳಿದಿರುತ್ತದೆ. ಮೂಳೆಯ ನೋವಿನಿಂದ ಸುಮ್ಮನಿದ್ದ ಕೈ ಒಂದೆರಡು ವಾರದಲ್ಲಿ ಆಡತೊಡಗುತ್ತದೆ. ಆಡದಿದ್ದರೆ ನರದ ವಿಚಾರ. ಮೂರು ತಿಂಗಳಾದರೂ ಮೊಣಕೈ ಮಡಚದ ಮಗುವನ್ನು ನರಗಳ ಶಸ್ತ್ರಚಿಕಿತ್ಸೆ ಬಲ್ಲವರಿಗೆ ತೋರಿಸಲೇಬೇಕು, ಆಮೇಲೆ ತಡ ಮಾಡಿದಷ್ಟೂ ಸ್ನಾಯು ಸೊರಗುತ್ತದೆ. ಈ ಕೂಸು ಎರಡೂ ಮೊಣಕೈ ಮಡಚಿ ಸುತ್ತಿದ್ದ ಬಟ್ಟೆಯನ್ನು ಒದ್ದುಹಾಕಿತು.

ಎಕ್ಸ್‌ರೇ ಬೇಕೇ ಎಂದು ಅಜ್ಜಿ ಕೇಳಿದರು. ಎಡಗಡೆಯಾಗಿದ್ದರೆ, ಇಷ್ಟು ಸ್ಪಷ್ಟವಾದ ಕಥೆ ಇರುವಾಗ, ಬಿಟ್ಟುಬಿಡಬಹುದಿತ್ತು. ಆದರೆ ಬಲಗಡೆಯ ಗಂಟಿಗೆ ಇನ್ನೊಂದು ಕಾರಣವೂ ಇರಬಹುದು. ಗರ್ಭದಲ್ಲಿಯೇ ಕೊರಳೆಲುಬಿನ ಎರಡು ಭಾಗಗಳು ಒಂದಾಗದೆ ಉಳಿದು, ನಡುವೆ ಸುಳ್ಳು ಕೀಲು ಆಗಿಬಿಡುವ ಅಪರೂಪದ ಸ್ಥಿತಿ ಅದು. ಹೆಚ್ಚುಕಡಿಮೆ ಯಾವಾಗಲೂ ಬಲಗಡೆಯೇ. ಎಡಕ್ಕೆ ಕಂಡಿರುವುದು ಹೆಚ್ಚಾಗಿ ಹೃದಯ ಬಲಕ್ಕಿರುವ ಮಕ್ಕಳಲ್ಲಿ, ಕೆಲವರಲ್ಲಿ ಎರಡೂ ಕಡೆ. ಬಲಗಡೆ ಕೊರಳೆಲುಬಿನ ಕೆಳಗೆ ಸ್ವಲ್ಪ ಎತ್ತರದಲ್ಲಿ ಹಾಯುವ ರಕ್ತನಾಳದ ಮಿಡಿತವೇ ಕಾರಣವಿರಬೇಕು ಎಂಬ ಊಹೆ ಇದೆ. ಆ ಗಂಟು ನೋಯುವುದಿಲ್ಲ, ಒತ್ತಿದರೆ ಮೂಳೆಯ ತುದಿಗಳು ಆಡುತ್ತವೆ. ಎಕ್ಸ್‌ರೇಯಲ್ಲಿ ತುದಿಗಳು ದುಂಡಗೆ, ನುಣುಪಾಗಿ ಕಾಣುತ್ತವೆ, ಸುತ್ತ ಹೊಸ ಮೂಳೆಯ ಗುರುತೇ ಇರುವುದಿಲ್ಲ. ಮುರಿತದಲ್ಲಿ ಇದರ ತಿರುಗುಮುರುಗು: ಎರಡನೇ ವಾರಕ್ಕೆ ಮೋಡ ಕವಿದಂತೆ ಹೊಸ ಮೂಳೆ. ಈ ಮಗುವಿನ ಫಿಲ್ಮಿನಲ್ಲಿ ಆ ಮೋಡ ಚೆನ್ನಾಗಿಯೇ ಇತ್ತು. ಸುಳ್ಳು ಕೀಲಾಗಿದ್ದರೂ ಅವಸರವಿರಲಿಲ್ಲ. ಗಂಟು ದೊಡ್ಡದಾಗಿ ತೊಂದರೆ ಕೊಟ್ಟರೆ ಮೂರರಿಂದ ಆರು ವರ್ಷದೊಳಗೆ ಸೊಂಟದ ಮೂಳೆಯ ತುಣುಕಿಟ್ಟು ಲೋಹದ ಪ್ಲೇಟ್ ಹಾಕಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಇದನ್ನು ಹಳೆಯ ಮುರಿತವೆಂದು ತಿಳಿದು ಪಟ್ಟಿ ಮೇಲೆ ಪಟ್ಟಿ ಕಟ್ಟುವುದರಿಂದ ಪ್ರಯೋಜನವಿಲ್ಲ. ಹಾಗೆಯೇ, ಹೆರಿಗೆ ಹಗುರವಾಗಿ ಆಗಿದ್ದೂ ಒಂದಕ್ಕಿಂತ ಹೆಚ್ಚು ಮೂಳೆ ಮುರಿದಿದ್ದರೆ, ಕಣ್ಣಿನ ಬಿಳಿಭಾಗ ನೀಲಿಯಾಗಿದ್ದರೆ ಮೂಳೆಯೇ ಹುಟ್ಟಿನಿಂದ ದುರ್ಬಲವಾಗಿರುವ ಕಾಯಿಲೆಯನ್ನು ನೋಡಬೇಕಾಗುತ್ತದೆ.

ಚಿಕಿತ್ಸೆ ಎಂದರೆ ಒಂದು ಸೇಫ್ಟಿ ಪಿನ್ನು. ಮಗುವಿನ ಉದ್ದ ತೋಳಿನ ಅಂಗಿ ಹಾಕಿ, ಮೊಣಕೈ ಮಡಚಿ, ತೋಳಿನ ತುದಿಯನ್ನು ಎದೆಯ ಮೇಲೆ ಅಂಗಿಗೇ ಪಿನ್ ಮಾಡುವುದು, ಪಿನ್ನಿನ ಮೊನೆ ಹೊರಗಡೆಗೆ. ಏಳರಿಂದ ಹತ್ತು ದಿನ ಸಾಕು. ಈ ಮಗುವಿಗೆ ಅದೂ ಬೇಡವಾಯಿತು, ಮೂಳೆ ಆಗಲೇ ಅಂಟಿಕೊಂಡಿತ್ತು. ಅಂಗಿ ಹಾಕುವಾಗ ನೋಯುವ ಕೈ ಮೊದಲು, ತೆಗೆಯುವಾಗ ಕೊನೆಗೆ. ಕಂಕುಳಲ್ಲಿ ಕೈಹಾಕಿ ಎತ್ತಬಾರದು. ಒಂದು ಅಂಗೈ ಕತ್ತಿನ ಹಿಂದೆ, ಇನ್ನೊಂದು ಕುಂಡೆಯ ಕೆಳಗೆ. ಹಾಲು ಕುಡಿಸುವಾಗ ಆ ಭುಜ ತಾಯಿಯ ಮೈಗೆ ಒತ್ತದ ಹಾಗೆ ಮಲಗಿಸಿಕೊಳ್ಳಬೇಕು.

ಎಣ್ಣೆನೀರಿನ ವಿಚಾರಕ್ಕೆ ಅಜ್ಜಿಯ ಹತ್ತಿರ ಹೆಚ್ಚು ಹೊತ್ತು ಮಾತಾಡಬೇಕಾಯಿತು. ಬಾಣಂತನದ ಮನೆಗಳಲ್ಲಿ ಮಗುವಿಗೆ ಎಣ್ಣೆ ತಿಕ್ಕಿ, ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಎಳೆದು, ಭುಜ ಹಿಡಿದು ಮೇಲೆತ್ತಿ ಜಾಡಿಸುವ ರೂಢಿ ಇದೆ. ಎಣ್ಣೆ ಇರಲಿ, ಬಿಸಿನೀರೂ ಇರಲಿ. ಎಳೆಯುವುದು, ಜಾಡಿಸುವುದು ಮಾತ್ರ ಪೂರ್ತಿ ನಿಲ್ಲಬೇಕು. ಆ ಗಂಟನ್ನು ತಿಕ್ಕಿ ಕರಗಿಸಲು ಹೋಗಲೇಬಾರದು, ಅದು ಕೆಟ್ಟ ಗಡ್ಡೆಯಲ್ಲ, ಮೂಳೆಯನ್ನು ಹಿಡಿದಿಟ್ಟ ಬೆಸುಗೆ. ಮೂರು ವಾರಕ್ಕೆ ನೋವು ಇಲ್ಲವಾಗುತ್ತದೆ, ಗಂಟು ಆರು ತಿಂಗಳಿಂದ ಒಂದು ವರ್ಷದೊಳಗೆ ಇಳಿದುಹೋಗುತ್ತದೆ. "ಹಂಗಾರೆ ತಾನಾಗೇ ಕೂಡ್ಕೊಳ್ತದೆ?" ಎಂದು ಅಜ್ಜಿ ಕೇಳಿದರು. ಹೌದು, ಅಜ್ಜಿ.

ಇದೇ ಮಾತನ್ನು ದೊಡ್ಡವರಿಗೂ ಇಷ್ಟೇ ಧೈರ್ಯವಾಗಿ ಹೇಳಿ ಕಳಿಸಿದರೆ ಏನಾಗುತ್ತದೆ ಎನ್ನುವುದು ಮಧ್ಯಾಹ್ನದ ಹೊತ್ತಿಗೆ ಬಂತು. ಮೂವತ್ತೆಂಟು ವರ್ಷದವರು, ಡೈರಿಗೆ ಹಾಲಿನ ಕ್ಯಾನ್ ಒಯ್ಯುವವರು. ಜನವರಿಯಲ್ಲಿ ರಸ್ತೆ ಮೇಲೆ ಒಕ್ಕಣೆಗೆ ಹರವಿದ್ದ ಹುರುಳಿಯಲ್ಲಿ ಬೈಕ್ ಜಾರಿ ಎಡಭುಜದ ಮೇಲೆ ಬಿದ್ದಿದ್ದರು. ಬೇರೊಂದು ಕಡೆ ಎಕ್ಸ್‌ರೇ ತೆಗೆದು, ಎಂಟರಾಕಾರದ ಬೆಲ್ಟ್ ಹಾಕಿ, "ಮೂರು ವಾರಕ್ಕೆ ಸರಿಹೋಗುತ್ತೆ" ಎಂದಿದ್ದರಂತೆ. ಬೆಲ್ಟ್ ಕಂಕುಳಲ್ಲಿ ಒತ್ತಿ ಕೈ ಜೋಮು ಹಿಡಿದಾಗ ಅದನ್ನು ಬಿಚ್ಚಿ ನಾಟಿ ಕಟ್ಟು ಹಾಕಿಸಿಕೊಂಡರು. ವಾರಕ್ಕೊಮ್ಮೆ ಬಿಚ್ಚಿ, ಎಳೆದು, ಮತ್ತೆ ಕಟ್ಟುವುದು ನಡೆಯಿತು. ನೋವು ಇಳಿಯಿತು, ಕ್ಯಾನ್ ಎತ್ತತೊಡಗಿದರು. "ರಾತ್ರಿ ಆ ಮಗ್ಗುಲಿಗೆ ಮಲಗಕ್ಕೇ ಆಗಲ್ಲ ಸಾರ್ ಇವ್ರಿಗೆ" ಎಂದದ್ದು ಅವರ ಹೆಂಡತಿ. ಮೂಳೆಯ ಎರಡು ತುದಿಗಳನ್ನು ಬೆರಳಲ್ಲಿ ಹಿಡಿದರೆ ಬೇರೆಬೇರೆಯಾಗಿ ಆಡುತ್ತಿದ್ದವು. ಏಳು ತಿಂಗಳಾಗಿತ್ತು. ನೋವು ಇಳಿದರೆ ಮೂಳೆ ಕೂಡಿತು ಎಂದು ಅರ್ಥವಲ್ಲ. ಕೂಡದ ಮೂಳೆಯ ನಡುವೆ ನಾರು ತುಂಬಿಕೊಂಡಾಗಲೂ ನೋವು ಇಳಿಯುತ್ತದೆ.

ಕೊರಳೆಲುಬು ದೊಡ್ಡವರಲ್ಲಿ ಹತ್ತಕ್ಕೆ ಸುಮಾರು ಎಂಟು ಬಾರಿ ಮುರಿಯುವುದು ನಡುಭಾಗದಲ್ಲಿ. ಅಲ್ಲಿ ಮೂಳೆ ತೆಳ್ಳಗಿದೆ, ಅದರ ತಿರುವು ಬದಲಾಗುವುದೂ ಅಲ್ಲೇ. ಮುರಿದ ಕೂಡಲೇ ಕತ್ತಿನ ಸ್ನಾಯು ಒಳತುಂಡನ್ನು ಮೇಲಕ್ಕೆಳೆಯುತ್ತದೆ, ಕೈಯ ಭಾರ ಹೊರತುಂಡನ್ನು ಕೆಳಕ್ಕೆ, ಎದೆಯ ಸ್ನಾಯು ಒಳಕ್ಕೆ ಎಳೆಯುತ್ತವೆ. ತುಂಡುಗಳು ಒಂದರ ಮೇಲೊಂದು ಹತ್ತಿ ಮೂಳೆ ಗಿಡ್ಡವಾಗುತ್ತದೆ. ಎಂಟರಾಕಾರದ ಬೆಲ್ಟ್ ಇದನ್ನು ಎಳೆದು ಸರಿಮಾಡುತ್ತದೆ ಎಂದು ನಂಬಿದ್ದ ಕಾಲವಿತ್ತು. ಹಾಗೇನೂ ಆಗುವುದಿಲ್ಲ. ಕೈಗೆ ಹಾಕುವ ಸಾದಾ ಸ್ಲಿಂಗ್‌ನಿಂದ ಅಷ್ಟೇ ಫಲ ಸಿಗುತ್ತದೆ, ನೋವೂ ಕಡಿಮೆ.

1960ರಲ್ಲಿ ಅಮೆರಿಕದ ಮೂಳೆ ವೈದ್ಯ ಚಾರ್ಲ್ಸ್ ನೀರ್ ಕೊಟ್ಟ ಲೆಕ್ಕದಲ್ಲಿ ಆಪರೇಷನ್ ಇಲ್ಲದೆ ನೋಡಿಕೊಂಡ 2,235 ಮುರಿತಗಳಲ್ಲಿ ಕೂಡದೆ ಉಳಿದದ್ದು ಮೂರೇ. "ಕೊರಳೆಲುಬು ತಾನಾಗಿ ಕೂಡುತ್ತೆ" ಎಂಬ ಮಾತು ಇಂಥ ಲೆಕ್ಕಗಳಿಂದಲೇ ಗಟ್ಟಿಯಾಯಿತು. 2007ರಲ್ಲಿ ಕೆನಡಾದ ಮೂಳೆ ವೈದ್ಯರು ತುಂಡುಗಳು ಪೂರ್ತಿ ಜರುಗಿದ ವಯಸ್ಕರ ಮುರಿತಗಳನ್ನಷ್ಟೇ ಆರಿಸಿ ನೋಡಿದಾಗ, ಸ್ಲಿಂಗ್ ಹಾಕಿದ 49 ಮಂದಿಯಲ್ಲಿ 7 ಮಂದಿಗೆ ಕೂಡಿರಲಿಲ್ಲ. ಪ್ಲೇಟ್ ಹಾಕಿದ 62ರಲ್ಲಿ 2. ಹಾಗೆಂದು ಎಲ್ಲರಿಗೂ ಪ್ಲೇಟ್ ಹಾಕುವುದು ನನ್ನ ಮಟ್ಟಿಗೆ ಸರಿಯಲ್ಲ, ಸ್ಲಿಂಗ್‌ನಲ್ಲೂ ಹೆಚ್ಚಿನವರಿಗೆ ಕೂಡಿದೆ. ಆದರೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಗಿಡ್ಡವಾಗಿದ್ದರೆ, ತುಂಡುಗಳು ಒಂದಕ್ಕೊಂದು ತಾಗದೇ ಇದ್ದರೆ, ಮೂಳೆ ಪುಡಿಯಾಗಿದ್ದರೆ, ಬೀಡಿ ಸಿಗರೇಟು ಸೇದುವವರಾಗಿದ್ದರೆ ಮೊದಲ ದಿನವೇ ಆಪರೇಷನ್ ಮಾತು ಎತ್ತಬೇಕು. ಚರ್ಮ ಡೇರೆಯಂತೆ ಎದ್ದು ಬಿಳುಪೇರಿದ್ದರೆ, ಗಾಯವಾಗಿ ಮೂಳೆ ಹೊರಬಂದಿದ್ದರೆ, ಕೈ ತಣ್ಣಗಾಗಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ.

ಸ್ಲಿಂಗ್ ಹಾಕಿ ಕಳಿಸುವವರಿಗೆ ತಾರೀಖು ಬರೆದು ಕಳಿಸಬೇಕು. ಎರಡು ವಾರಕ್ಕೆ ಒಂದು ಎಕ್ಸ್‌ರೇ, ಇನ್ನಷ್ಟು ಜರುಗಿದೆಯೇ ನೋಡಲು. ಆರು ವಾರಕ್ಕೆ ಒಂದು, ಮೂರು ತಿಂಗಳಿಗೆ ಒಂದು. ನಿಂತೇ ತೆಗೆಸಬೇಕು, ಮಲಗಿದರೆ ಗಿಡ್ಡವಾದದ್ದು ಮರೆಯಾಗುತ್ತದೆ. ನೇರ ಒಂದು ಚಿತ್ರ, ಕಿರಣವನ್ನು ಸುಮಾರು 20–30 ಡಿಗ್ರಿ ಮೇಲ್ಮುಖ ಮಾಡಿ ಇನ್ನೊಂದು. ಆರು ವಾರಕ್ಕೆ ಹೊಸ ಮೂಳೆಯೇ ಕಾಣದೆ ತುದಿಗಳು ಕೈಗೆ ಆಡುತ್ತಿದ್ದರೆ ಅದು ಎಚ್ಚರಿಕೆ. ಆರು ತಿಂಗಳಾದರೂ ಹಾಗೇ ಇದ್ದರೆ ಕೂಡಿಲ್ಲ ಎಂದೇ ಅರ್ಥ.

ಹಾಲಿನವರ ಫಿಲ್ಮಿನಲ್ಲಿ ತುದಿಗಳು ಚೂಪಾಗಿ ಸವೆದಿದ್ದವು, ಮಜ್ಜೆಯ ದಾರಿ ಮುಚ್ಚಿತ್ತು. ಎದೆಯ ಎಲುಬಿನಿಂದ ಭುಜದ ತುದಿಗೆ ಟೇಪು ಹಿಡಿದರೆ ಬಲಕ್ಕಿಂತ ಎಡ 2.2 ಸೆಂಟಿಮೀಟರ್ ಕಡಿಮೆ. ಕೂಡದ ಮೂಳೆ ಎರಡು ಬಗೆ. ತುದಿ ದಪ್ಪವಾಗಿ ಆನೆಯ ಪಾದದಂತೆ ಹರಡಿದ್ದರೆ ರಕ್ತ ಓಡಾಟ ಚೆನ್ನಾಗಿದೆ, ಅಲ್ಲಾಟ ನಿಲ್ಲಿಸಿದರೆ ಸಾಕು, ಗಟ್ಟಿಯಾದ ಪ್ಲೇಟೇ ಮದ್ದು. ಇವರದ್ದು ಇನ್ನೊಂದು ಬಗೆ, ಮೂಳೆ ಕೂಡುವ ಪ್ರಯತ್ನವನ್ನೇ ಬಿಟ್ಟಿದೆ. ಕಾರಣ ಒಂದೇ ಅಲ್ಲ: ಮೊದಲೇ ಜರುಗಿದ ತುಂಡು, ವಾರವಾರದ ಎಳೆತ, ಬೇಗ ಹೊತ್ತ ಭಾರ, ದಿನಕ್ಕೆ ಒಂದು ಕಟ್ಟು ಬೀಡಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ, ಹೊಸ ಮೂಳೆಗೆ ಬೇಕಾದ ರಕ್ತ ತುದಿಗೆ ಸೇರುವುದಿಲ್ಲ. ನಾಟಿ ಕಟ್ಟಿನ ಮೇಲೆ ಪೂರ್ತಿ ತಪ್ಪು ಹೊರಿಸುವುದು ಸುಲಭ, ಆದರೆ ಮೂರು ತಿಂಗಳಿಗೆ ಬಂದು ಫಿಲ್ಮ್ ತೆಗೆಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅವತ್ತು ಬರೆದ ಪರೀಕ್ಷೆಗಳು: ವಿಟಮಿನ್ ಡಿ, ಥೈರಾಯ್ಡ್, ಮೂರು ತಿಂಗಳ ಸಕ್ಕರೆ, ಸೋಂಕಿನ ಸುಳಿವು ಕೊಡುವ ಇಎಸ್‌ಆರ್ ಮತ್ತು ಸಿಆರ್‌ಪಿ ರಕ್ತಪರೀಕ್ಷೆ. ಬೀಡಿ ಆಪರೇಷನ್‌ಗೆ ಕನಿಷ್ಠ ನಾಲ್ಕರಿಂದ ಆರು ವಾರ ಮೊದಲೇ ನಿಲ್ಲಬೇಕು, ಮೂಳೆ ಕೂಡುವ ತನಕ ಮತ್ತೆ ಹಚ್ಚಬಾರದು. ಆಪರೇಷನ್‌ನಲ್ಲಿ ನಡುವಿನ ನಾರನ್ನು ತೆಗೆದು, ಸತ್ತ ತುದಿಗಳನ್ನು ರಕ್ತ ಜಿನುಗುವವರೆಗೆ ಕೆರೆದು, ಮುಚ್ಚಿದ ಮಜ್ಜೆಯ ದಾರಿಯನ್ನು ಡ್ರಿಲ್‌ನಿಂದ ತೆರೆಯಬೇಕು. ಐದು ಚೂರು ಅಂಗಾಂಶವನ್ನು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿ ಹದಿನಾಲ್ಕು ದಿನ ಇಡಲು ಹೇಳಬೇಕು, ಭುಜದ ಸುತ್ತಲಿನ ಸೋಂಕಿನ ರೋಗಾಣು ನಿಧಾನವಾಗಿ ಬೆಳೆಯುತ್ತದೆ. ಕೆರೆದಾಗ ಮೂಳೆ ಇನ್ನೂ ಗಿಡ್ಡವಾಗುವುದರಿಂದ ಸೊಂಟದ ಅಂಚಿನಿಂದ ತೆಗೆದ ಮೂಳೆಯ ತುಂಡನ್ನು ನಡುವೆ ಕೂರಿಸಿ, ಪ್ಲೇಟಿಗೆ ಎರಡೂ ಕಡೆ ಕನಿಷ್ಠ ಮೂರು ಮೂರು ಸ್ಕ್ರೂ. ಡ್ರಿಲ್ ಮೂಳೆ ದಾಟಿ ಒಂದಿಷ್ಟು ಹೆಚ್ಚು ಹೋದರೂ ಹಿಂದೆ ದೊಡ್ಡ ರಕ್ತನಾಳ, ಅದರಾಚೆ ಶ್ವಾಸಕೋಶ. ಗಾಯದ ಕೆಳಗೆ ಎದೆಯ ಚರ್ಮ ಜಡ್ಡಾಗಬಹುದು, ಸೊಂಟದ ಗಾಯ ಕೆಲವರಿಗೆ ಭುಜಕ್ಕಿಂತ ಹೆಚ್ಚು ದಿನ ನೋಯುತ್ತದೆ. ಇದನ್ನೆಲ್ಲ ಮೊದಲೇ ಹೇಳದೆ ಸಹಿ ಹಾಕಿಸಬಾರದು.

"ಕ್ಯಾನ್ ಯಾವಾಗ ಎತ್ತಬೋದು ಸಾರ್?" ಎಂಬುದೇ ಅವರ ಪ್ರಶ್ನೆಯಾಗಿತ್ತು. ಎರಡು ವಾರ ಸ್ಲಿಂಗ್, ಆದರೆ ಮೊದಲ ವಾರದಿಂದಲೇ ಮುಂದಕ್ಕೆ ಬಾಗಿ ಕೈ ಜೋತುಬಿಟ್ಟು ತೂಗಾಡಿಸುವ ವ್ಯಾಯಾಮ. ಆರು ವಾರದವರೆಗೆ ಭುಜದ ಮಟ್ಟದಿಂದ ಮೇಲೆ ಕೈ ಎತ್ತುವ ಹಾಗಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಂಡ ಮೇಲೆಯೇ ಭಾರ, ಅದಕ್ಕೆ ಮೂರರಿಂದ ನಾಲ್ಕು ತಿಂಗಳು. ಅಲ್ಲಿಯವರೆಗೆ ಕ್ಯಾನ್ ಹೊರಲು ತಮ್ಮನನ್ನು ಒಪ್ಪಿಸುವುದಾಗಿ ಹೆಂಡತಿ ಹೇಳಿದರು. ಪ್ಲೇಟ್ ಚರ್ಮದ ಕೆಳಗೆ ಕೈಗೆ ತಾಗುತ್ತದೆ ಎಂದು ತೆಗೆಸುವುದಿದ್ದರೂ ಒಂದೂವರೆ ವರ್ಷವಾದರೂ ಕಾಯಬೇಕು. ಬೇಗ ತೆಗೆದರೆ ಸ್ಕ್ರೂ ತೂತುಗಳಲ್ಲೇ ಮೂಳೆ ಮತ್ತೆ ಮುರಿಯಬಹುದು.