ತಟ್ಟಿ ನುಡಿಸುವ ತಂತಿವಾದ್ಯ: ಬೆರಳಿಗಿಂತ ಮೊದಲು ವಾದ್ಯ ಹದವಾಗಲಿ

ಚಾಪ್‌ಮನ್ ಸ್ಟಿಕ್ ಎಂಬುದು ಮೀಟದೆ, ಎರಡೂ ಕೈಯ ಬೆರಳುಗಳಿಂದ ತಂತಿ ತಟ್ಟಿ ನುಡಿಸುವ ವಾದ್ಯ. ಅದರ ಮೇಲೆ ಬೆರಳಿಟ್ಟ ಗಿಟಾರ್ ವಾದಕರೆಲ್ಲರಿಗೂ ಒಂದೇ ಅಚ್ಚರಿ. ಇಲ್ಲಿ ಮೆಲ್ಲಗೆ ಒತ್ತಿದರೂ ಸ್ವರ ಹುಟ್ಟುತ್ತದೆ, ನಮ್ಮ ಗಿಟಾರಿನಲ್ಲಿ ಬಲವಾಗಿ ಬಡಿದರೂ ಯಾಕೆ ಇಷ್ಟು ಬರುವುದಿಲ್ಲ? ಬೆರಳಿನ ಶಕ್ತಿ ಸಾಲದು ಎಂದುಕೊಂಡು ತಿಂಗಳುಗಟ್ಟಲೆ ಸಾಧನೆ ಮಾಡುವವರಿದ್ದಾರೆ. ಕೊರತೆ ಇರುವುದು ಬೆರಳಿನಲ್ಲಲ್ಲ, ವಾದ್ಯದ ಹೊಂದಿಕೆಯಲ್ಲಿ. ಈ ವಾದ್ಯಗಳ ಲೋಕದಲ್ಲಿ ಮಾಡುವವರು ಮತ್ತು ನುಡಿಸುವವರು ಬಹುಮಟ್ಟಿಗೆ ಒಬ್ಬರೇ ಆಗಿರುವುದಕ್ಕೂ ಇದೇ ಕಾರಣ.

ಅಮೆರಿಕದ ಜಿಮ್ಮಿ ವೆಬ್‌ಸ್ಟರ್ 1950ರ ದಶಕದಲ್ಲೇ ಎರಡೂ ಕೈಯಿಂದ ತಂತಿ ತಟ್ಟುವ ಪದ್ಧತಿಯನ್ನು ಪುಸ್ತಕವಾಗಿ ಹೊರತಂದಿದ್ದರು. ಅವರು ಗ್ರೆಚ್ ಗಿಟಾರ್‌ಗಳ ವಿನ್ಯಾಸದಲ್ಲೂ ಕೆಲಸ ಮಾಡಿದವರು. ಡೇವ್ ಬಂಕರ್ ತಾವೇ ನುಡಿಸಲೆಂದು ಎರಡು ಕುತ್ತಿಗೆಯ ಟಚ್ ಗಿಟಾರ್ ಕಟ್ಟಿದರು. ಎಮ್ಮೆಟ್ ಚಾಪ್‌ಮನ್ 1969ರಲ್ಲಿ, ತಾವೇ ಮಾಡಿಕೊಂಡಿದ್ದ ಒಂಬತ್ತು ತಂತಿಯ ಗಿಟಾರಿನ ಮೇಲೆ ಹೊಸದೊಂದು ಭಂಗಿ ಕಂಡುಕೊಂಡರು. ಎರಡು ಕೈಗಳೂ ಕುತ್ತಿಗೆಯ ಎದುರುಬದುರಿನಿಂದ ಬರಬೇಕು, ಎರಡೂ ಕೈಗಳ ಬೆರಳುಗಳು ಫ್ರೆಟ್‌ಗಳಿಗೆ, ಅಂದರೆ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗಳಿಗೆ, ಸಮಾಂತರವಾಗಿ ಕೂರಬೇಕು. ಆಗ ಬಲಗೈಯ ನಾಲ್ಕೂ ಬೆರಳಿಗೆ ಎಡಗೈಯಷ್ಟೇ ಸ್ವಾತಂತ್ರ್ಯ. ಆ ಭಂಗಿಗೆ ಒಗ್ಗುವಂತೆ ಅವರು ರೂಪಿಸಿದ ಸ್ಟಿಕ್ 1974ರಲ್ಲಿ ಮಾರಾಟಕ್ಕೆ ಬಂತು. 1981ರಲ್ಲಿ ಕಿಂಗ್ ಕ್ರಿಮ್ಸನ್ ರಾಕ್ ತಂಡ ಮತ್ತೆ ಕೂಡಿದಾಗ ಟೋನಿ ಲೆವಿನ್ ಕೈಯಲ್ಲಿ ಅದನ್ನು ಜಗತ್ತು ಕೇಳಿತು. ಮುಂದೆ ಅದೇ ತಂಡಕ್ಕೆ ಬಂದ ಟ್ರೇ ಗನ್ ಮೊದಲು ಸ್ಟಿಕ್, ಆಮೇಲೆ ಮಾರ್ಕ್ ವಾರ್ ಮಾಡಿದ, ಅದೇ ಬಗೆಯ ವಾರ್ ಗಿಟಾರ್ ನುಡಿಸಿದರು. ಚಾಪ್‌ಮನ್ 2021ರಲ್ಲಿ ತೀರಿಕೊಂಡರು.

ಹತ್ತು ತಂತಿಯ ಸ್ಟಿಕ್‌ನ ಮೂಲ ಶ್ರುತಿ ನಮ್ಮವರಿಗೆ ಬೇಗ ಮನಸ್ಸಿಗೆ ಹತ್ತುತ್ತದೆ. ಅತಿ ದಪ್ಪ ತಂತಿ ಕುತ್ತಿಗೆಯ ನಡುವೆ ಇರುತ್ತದೆ. ಅಲ್ಲಿಂದ ಬೇಸ್ ತಂತಿಗಳು ಪಂಚಮದ ಅಂತರದಲ್ಲಿ ಏರುತ್ತವೆ: ಸಿ, ಜಿ, ಡಿ, ಎ, ಇ. ಸಿ ಷಡ್ಜವಾದರೆ ಇವು ಸ, ಪ, ರಿ, ದ, ಗ, ಅಂದರೆ ಮೋಹನ ರಾಗದ ಐದೂ ಸ್ವರ. ಇನ್ನೊಂದು ಬದಿಯ ಐದು ತಂತಿಗಳು ಮಧ್ಯಮದ ಅಂತರದಲ್ಲಿ ಏರುವ ರಾಗದ ತಂತಿಗಳು. ಎಡಗೈಗೆ ಪಂಚಮದ ಲೆಕ್ಕದಿಂದ ಸಿಗುವ ಅನುಕೂಲ ದೊಡ್ಡದು. ಒಂದು ತಂತಿಯಲ್ಲಿ ಷಡ್ಜ ಹಿಡಿದರೆ ಪಕ್ಕದ ತಂತಿಯ ಅದೇ ಫ್ರೆಟ್‌ನಲ್ಲಿ ಪಂಚಮ, ಅದರಾಚೆಯ ತಂತಿಯಲ್ಲಿ ಎರಡು ಫ್ರೆಟ್ ಮುಂದೆ ಮೇಲಿನ ಸ್ಥಾಯಿಯ ಅಂತರ ಗಾಂಧಾರ, ಒಂದೇ ಫ್ರೆಟ್ ಮುಂದೆ ಸಾಧಾರಣ ಗಾಂಧಾರ. ಮೂರು ಬೆರಳಿನಲ್ಲಿ ತುಂಬು ಕಾರ್ಡ್ ಸಿದ್ಧ, ಕೈ ಎಲ್ಲಿಗೆ ಹೋದರೂ ಆಕಾರ ಅದೇ.

ಸ್ಟಿಕ್ ದುಬಾರಿ. ಇರುವ ಎಲೆಕ್ಟ್ರಿಕ್ ಗಿಟಾರನ್ನೇ ತಟ್ಟುವುದಕ್ಕೆ ಹದಗೊಳಿಸಿ ಶುರುಮಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅತಿ ತೆಳು ತಂತಿ 0.009 ಇಂಚು ಇರುವ ಸೆಟ್ ಹಾಕಿ, ಕೊನೆಯ ಎರಡು ತೆಳು ತಂತಿಗಳನ್ನು ಅರ್ಧ ಸ್ವರ ಏರಿಸಿ ಇ, ಎ, ಡಿ, ಜಿ, ಸಿ, ಎಫ್ ಮಾಡಿಕೊಳ್ಳಿ. ಆಗ ಎಲ್ಲ ತಂತಿಗಳ ನಡುವೆಯೂ ಒಂದೇ ಅಂತರ.

ಇನ್ನು ಆಕ್ಷನ್, ಅಂದರೆ ಫ್ರೆಟ್‌ನಿಂದ ತಂತಿಗಿರುವ ಎತ್ತರ. 12ನೇ ಫ್ರೆಟ್ ಮೇಲೆ ತೆಳು ತಂತಿಗೆ ಸುಮಾರು 1 ಮಿ.ಮೀ., ದಪ್ಪ ತಂತಿಗೆ 1.3 ಮಿ.ಮೀ. ಇದ್ದರೆ ಸಾಕು. ತಂತಿಗಳು ಮೈಯ ಮೇಲೆ ಆತುಕೊಳ್ಳುವ ಬ್ರಿಡ್ಜ್ ತಗ್ಗಿಸಿದ ಕೂಡಲೇ ತಂತಿ ಗರಗರ ಎಂದರೆ ಮತ್ತೆ ಏರಿಸಲು ಹೋಗಬೇಡಿ, ಮೊದಲು ಫ್ರೆಟ್ ನೋಡಿ. ಮೂರು ಫ್ರೆಟ್‌ಗಳ ಮೇಲೆ ಕೂರುವಷ್ಟು ಉದ್ದದ ನೇರ ಉಕ್ಕಿನ ಪಟ್ಟಿ ಇಟ್ಟು ಅಲುಗಿಸಿ. ಓಲಾಡಿದರೆ ನಡುವಿನದು ಎತ್ತರವಾಗಿದೆ, ಅದನ್ನು ಉಜ್ಜಿ ಸಮ ಮಾಡಿಸಬೇಕು. ಕುತ್ತಿಗೆಯ ಬಾಗು ಹೆಚ್ಚಿದ್ದರೆ ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಸರಳಿನಿಂದ ಅದನ್ನು ನೇರಕ್ಕೆ ಹತ್ತಿರ ತನ್ನಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಮಲೆನಾಡು, ಕರಾವಳಿಯಲ್ಲಿ ಇರುವವರು ಮಳೆಗಾಲ ಕಳೆದ ಮೇಲೆ ಇದನ್ನು ಇನ್ನೊಮ್ಮೆ ನೋಡಬೇಕು. ನಟ್ ಅನ್ನು, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಆತುಕೊಳ್ಳುವ ಪಟ್ಟಿಯನ್ನು, ಹೆಚ್ಚಿನವರು ಮರೆಯುತ್ತಾರೆ. ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದಾಗ ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟೇ ಸಂದು ಇರಬೇಕು. ಹೆಚ್ಚಿದ್ದರೆ ಕೆಳ ಫ್ರೆಟ್‌ಗಳಲ್ಲಿ ತಟ್ಟಿದ ಸ್ವರವೆಲ್ಲ ಶ್ರುತಿ ಮೀರಿ ಏರುತ್ತದೆ.

ಇಷ್ಟಾದರೂ ತಂತಿಯ ಬೇಡದ ಕಂಪನವನ್ನು ಅಡಗಿಸುವ ಡ್ಯಾಂಪರ್ ಇಲ್ಲದಿದ್ದರೆ ನಾದ ಕಲಸಿಹೋಗುತ್ತದೆ. ತಂತಿಯನ್ನು ಫ್ರೆಟ್‌ಗೆ ಬಡಿದಾಗ ಬೆರಳಿನ ಎರಡೂ ಕಡೆಯ ತುಂಡು ಕಂಪಿಸುತ್ತದೆ. ಬ್ರಿಡ್ಜ್ ಕಡೆಯದು ನಮಗೆ ಬೇಕಾದ ಸ್ವರ, ನಟ್ ಕಡೆಯದು ಬೇಡದ ಸದ್ದು. ಬೆರಳೆತ್ತಿದಾಗ ಬಿಡಿ ತಂತಿಯೂ ಮೊಳಗುತ್ತದೆ. ಇದಕ್ಕೆ ಸ್ಟಿಕ್‌ನಲ್ಲಿ ನಟ್ ಪಕ್ಕದಲ್ಲೇ ಡ್ಯಾಂಪರ್ ಇದೆ. ಗಿಟಾರಿನಲ್ಲಿ ನಟ್ ಮತ್ತು ಮೊದಲ ಫ್ರೆಟ್ ನಡುವೆ ಕೂದಲಿಗೆ ಹಾಕುವ ಬಟ್ಟೆಯ ರಬ್ಬರ್ ಬ್ಯಾಂಡ್ ಸುತ್ತಿದರೂ ಆದೀತು, ಒಂದು ಸೆಂ.ಮೀ. ಅಗಲದ ಫೆಲ್ಟ್ ಪಟ್ಟಿ ಕಟ್ಟಿದರೂ ಆದೀತು. ಅದು ತಂತಿಯನ್ನು ಸವರಿದಂತಿರಬೇಕು. ಬಿಗಿಯಾದರೆ ತಂತಿಯನ್ನು ಕೆಳಕ್ಕೆ ಅದುಮಿ ಶ್ರುತಿ ಕೆಡಿಸುತ್ತದೆ. ಶ್ರುತಿ ಮಾಡುವಾಗ ಪಟ್ಟಿಯನ್ನು ನಟ್‌ನ ಆಚೆ ಸರಿಸಿ, ಮುಗಿದ ಮೇಲೆ ವಾಪಸು ತನ್ನಿ.

ಬೆರಳು ಫ್ರೆಟ್‌ನ ಬೆನ್ನಿಗೇ ಬೀಳಬೇಕು. ಎರಡು ಫ್ರೆಟ್‌ಗಳ ನಡುಮಧ್ಯೆ ಬಿದ್ದರೆ ಸ್ವರಕ್ಕಿಂತ ಟಕ್ ಎಂಬ ಸದ್ದೇ ಜಾಸ್ತಿ. ತಟ್ಟಿದ ಮೇಲೆ ಸ್ವರ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಒತ್ತಿ ಹಿಡಿಯಬೇಕು. ಗಮಕಗಳಲ್ಲಿ ಏರುವಾಗಿನ ಸ್ಫುರಿತ, ಇಳಿಯುವಾಗಿನ ಪ್ರತ್ಯಾಹತ ಇದರಲ್ಲಿ ತಾನಾಗಿಯೇ ಬರುತ್ತವೆ, ಜಾರೂ ಚೆಂದ. ವೀಣೆಯಂತೆ ತಂತಿ ಎಳೆದು ಉದ್ದಕ್ಕೆ ನಡೆಸುವ ಕಂಪಿತ ಮಾತ್ರ ಕಷ್ಟ, ಏಕೆಂದರೆ ಮತ್ತೆ ಮೀಟಿ ನಾದ ತುಂಬುವ ಕೈ ಇಲ್ಲಿಲ್ಲ.

ವಿದ್ಯುತ್ತಿನ ಕಡೆ ಮೂರು ತೊಂದರೆಗಳು ಮತ್ತೆ ಮತ್ತೆ ಬರುತ್ತವೆ. ಸದ್ದು ಸಣ್ಣದೆಂದು ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಪಿಕಪ್ ಅನ್ನು ತಂತಿಗೆ ತೀರಾ ಹತ್ತಿರ ತಂದರೆ ಅಯಸ್ಕಾಂತ ದಪ್ಪ ತಂತಿಯನ್ನೇ ಎಳೆಯುತ್ತದೆ, ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಅಲುಗಾಡುತ್ತದೆ. ಕೊನೆಯ ಫ್ರೆಟ್ ಒತ್ತಿ ಹಿಡಿದು ಎರಡೂವರೆಯಿಂದ ಮೂರು ಮಿ.ಮೀ. ಬಿಡಿ, ಉಳಿದದ್ದನ್ನು ಸಣ್ಣ ಸದ್ದು, ದೊಡ್ಡ ಸದ್ದುಗಳ ಅಂತರ ತಗ್ಗಿಸುವ ಕಂಪ್ರೆಸರ್ ನೋಡಿಕೊಳ್ಳಲಿ. ಅದಕ್ಕೆ 3:1 ಅನುಪಾತ ಸಾಕು. ಜಾಸ್ತಿ ಮಾಡಿದರೆ ಬೆರಳಿನ ಸದ್ದೂ ಮೇಲೆದ್ದು ಬರುತ್ತದೆ. ಎರಡನೆಯದು ಹಮ್. ಎರಡೂ ಕೈ ತಂತಿಯಿಂದ ಎದ್ದಾಗ ಮೈಯ ಗ್ರೌಂಡ್ ತಪ್ಪಿ ಗುಂಯ್ ಎನ್ನುತ್ತದೆ, ಮೀಟುವ ಗಿಟಾರಿನಲ್ಲಿ ಕೈ ಸದಾ ತಂತಿಯ ಮೇಲಿರುವುದರಿಂದ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಪಿಕಪ್ ಕೂರುವ ಕುಳಿಯ ಒಳಮೈಗೆ ತಾಮ್ರದ ಹಾಳೆ ಅಂಟಿಸಿ ಗ್ರೌಂಡ್‌ಗೆ ಬೆಸುಗೆ ಹಾಕಿದರೆ ಬಹಳ ಮಟ್ಟಿಗೆ ಇಳಿಯುತ್ತದೆ. ಮೂರನೆಯದು ಸ್ಟಿಕ್ ಕೊಂಡವರಿಗೆ. ಅದರ ಜ್ಯಾಕ್ ಸ್ಟೀರಿಯೊ, ಬೇಸ್ ಮತ್ತು ರಾಗದ ತಂತಿಗಳ ಸಿಗ್ನಲ್ ಬೇರೆ ಬೇರೆಯಾಗಿ ಹೊರಬರುತ್ತದೆ. ಮಾಮೂಲಿ ಗಿಟಾರ್ ಕೇಬಲ್ ಚುಚ್ಚಿದರೆ ಒಂದು ಕಡೆಯದು ಗ್ರೌಂಡ್‌ಗೆ ಸೇರಿ ಪೂರ್ತಿ ಸತ್ತುಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಸ್ಟಿಕ್ ನೋಡಲು ಹೋಗುವಾಗ ಸ್ಟೀರಿಯೊದಿಂದ ಎರಡು ಮೋನೊ ಆಗಿ ಕವಲೊಡೆಯುವ ಕೇಬಲ್ ಜೊತೆಗಿಟ್ಟುಕೊಂಡು, ಎರಡೂ ಕಡೆಯ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ತಟ್ಟಿ ಕೇಳಿ, ಆಮೇಲೆ ಬೆಲೆ ಮಾತಾಡಿ.