ಗೋಪೂಜೆಗೆ ಹಿತ್ತಲಿನ ಚೆಂಡುಹೂ

ತೀರ್ಥಹಳ್ಳಿ ಕಡೆಯ ನಮ್ಮ ಹಿತ್ತಲಿನಲ್ಲಿ, ದೀಪಾವಳಿಯ ಗೋಪೂಜೆಗೆ ಬೇಕಾಗುವ ಚೆಂಡುಹೂಗಳನ್ನು ಬೀಜದಿಂದಲೇ ಬೆಳೆಸುತ್ತೇನೆ. ಬಿತ್ತಿದ ಮೇಲೆ ಹೂ ಬಿಡಲು ಎರಡು, ಎರಡೂವರೆ ತಿಂಗಳು ಬೇಕಾಗುವುದರಿಂದ ಆಗಸ್ಟ್‌ನಲ್ಲೇ ಬೀಜ ಹಾಕಬೇಕು. ಆದರೆ ಆ ಹೊತ್ತಿಗೆ ಮಲೆನಾಡಿನ ಮಳೆ ಇನ್ನೂ ಬಿಟ್ಟಿರುವುದಿಲ್ಲವಾದ್ದರಿಂದ, ಮರಳು ಮತ್ತು ಹಳೆಯ ಕೊಟ್ಟಿಗೆಗೊಬ್ಬರ ಬೆರೆಸಿದ ಮಣ್ಣನ್ನು ತೂತಿರುವ ಟ್ರೇಗೆ ತುಂಬಿ, ಸೂರಿನಡಿ ಬೆಳಕು ಬೀಳುವಲ್ಲಿಟ್ಟು, ಬೀಜದ ಮೇಲೆ ಅರ್ಧ ಸೆಂಟಿಮೀಟರ್‌ನಷ್ಟೇ ಮಣ್ಣು ಉದುರಿಸುತ್ತೇನೆ. ವಾರದೊಳಗೆ ಮೊಳಕೆ ಕಾಣುತ್ತದೆ. ಸಸಿಗಳು ತಿಂಗಳಾಗುವ ಹೊತ್ತಿಗೆ ಅವನ್ನು ಏರುಮಡಿಯಲ್ಲಿ ಒಂದಡಿ ಅಂತರಕ್ಕೆ ನೆಡುವುದು ನಮ್ಮಲ್ಲಿ ಅನಿವಾರ್ಯ, ಏಕೆಂದರೆ ನೀರು ನಿಂತರೆ ಬೇರು ಕೊಳೆಯುತ್ತದೆ. ತುದಿ ಚಿವುಟಿದರೆ ಗಿಡ ಕವಲೊಡೆದು ಹೂ ಹೆಚ್ಚುತ್ತದೆ. ಹೈಬ್ರಿಡ್ ಗಿಡದ ಬೀಜದಿಂದ ಮರುವರ್ಷ ಅದೇ ಬಗೆಯ ಹೂ ಬರುವ ಭರವಸೆಯಿಲ್ಲದ ಕಾರಣ, ನಾನು ನಾಟಿ ತಳಿಯ ದೊಡ್ಡ ಹೂಗಳನ್ನೇ ಗಿಡದಲ್ಲಿ ಒಣಗಲು ಬಿಟ್ಟು ಬೀಜ ತೆಗೆದಿಡುತ್ತೇನೆ.