ಹಾಂಗ್‌ಕಾಂಗ್ ಕಲಾಮೇಳಕ್ಕೆ ಹೋಗುವವರಿಗೆ

ಸಾಮಾನ್ಯವಾಗಿ ಮಾರ್ಚ್ ತಿಂಗಳ ಕೊನೆಯಲ್ಲಿ ನಡೆಯುವ ಹಾಂಗ್‌ಕಾಂಗ್‌ನ ಆರ್ಟ್ ಬಾಸೆಲ್ ಮೇಳಕ್ಕೆ ಹೊರಡುವವರು ಟಿಕೆಟ್ಟಿಗಿಂತ ಮೊದಲು ಪ್ರವೇಶದ ಕಾಗದವನ್ನು ನೋಡಿಕೊಳ್ಳಬೇಕು. ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ 14 ದಿನಗಳವರೆಗಿನ ಭೇಟಿಗೆ ವೀಸಾ ಬೇಕಿಲ್ಲವಾದರೂ, 2017ರಿಂದ ಅಲ್ಲಿನ ವಲಸೆ ಇಲಾಖೆಯ ಜಾಲತಾಣದಲ್ಲಿ ಮುಂಗಡ ನೋಂದಣಿ ಕಡ್ಡಾಯವಾಗಿದೆ. ಶುಲ್ಕವಿಲ್ಲ. ಆದರೆ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು; ಇನಿಷಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಬರೆಸಿಕೊಂಡಿರುವ ನಮ್ಮಂಥವರು ಯಾವುದು ಯಾವ ಕಾಲಂನಲ್ಲಿದೆ ಎಂಬುದನ್ನು ಎರಡು ಸಲ ನೋಡಿ ತುಂಬುವುದು ಕ್ಷೇಮ.

ಮೇಳ ನಡೆಯುವ ಸಮಾವೇಶ ಕೇಂದ್ರ ಹಾಂಗ್‌ಕಾಂಗ್ ದ್ವೀಪದ ವಾನ್‌ಚಾಯ್‌ನಲ್ಲಿದೆ. ಆದರೂ ವಸತಿಯನ್ನು ಎದುರು ದಡದ ಚಿಮ್ ಶಾ ಚುಯ್‌ನಲ್ಲಿ ಹಿಡಿಯಿರಿ ಎಂಬುದು ನನ್ನ ಸಲಹೆ. ಆಗ ದಿನವೂ ಸ್ಟಾರ್ ಫೆರಿಯಲ್ಲಿ ಬಂದರನ್ನು ದಾಟಬೇಕಾಗುತ್ತದೆ, ಈ ಊರನ್ನು ನೋಡಲು ಅದಕ್ಕಿಂತ ಅಗ್ಗದ ದಾರಿಯಿಲ್ಲ. ಈ ದೋಣಿಗಳು ತಿರುಗದೆಯೇ ಹಿಂದಿರುಗುತ್ತವೆ. ಆದ್ದರಿಂದ ಮರದ ಬೆಂಚಿನ ಒರಗನ್ನೇ ಆಚೆಗೆ ತಳ್ಳಿ ಹೋಗುವ ದಿಕ್ಕಿಗೆ ಮುಖ ಮಾಡಿ ಕೂರಬಹುದು. ದಡ ಸಮೀಪಿಸಿದಾಗ ನೀಲಿ ಸಮವಸ್ತ್ರದ ನಾವಿಕ ಉದ್ದನೆಯ ಕೊಕ್ಕೆಕೋಲಿನಿಂದ ಹಗ್ಗವನ್ನು ಸೆಳೆದುಕೊಳ್ಳುವ ಕೈಚಳಕವನ್ನು ನೋಡಲೆಂದೇ ನಾನು ದಿನವೂ ಕೆಳಗಿನ ಅಂತಸ್ತಿನಲ್ಲಿ ಕೂರುತ್ತಿದ್ದೆ. ಆಕ್ಟೋಪಸ್ ಕಾರ್ಡ್ ಒಂದಿದ್ದರೆ ಫೆರಿ, ಮೆಟ್ರೋ, ಟ್ರಾಮ್ ಮೂರಕ್ಕೂ ಚಿಲ್ಲರೆಯ ಚಿಂತೆಯಿಲ್ಲ.

ದಾಟುವಾಗ ನೀರು ಇಷ್ಟೇ ಅಗಲವೇ ಎನಿಸಿದರೆ ಅದಕ್ಕೆ ಕಾರಣವಿದೆ. ದಡವನ್ನು ಮಣ್ಣು ತುಂಬಿ ಮುಂದಕ್ಕೆ ತಳ್ಳುತ್ತ ಬಂದ ಊರು ಇದು. 1997ರಲ್ಲಿ ತೆರೆದ ಸಮಾವೇಶ ಕೇಂದ್ರದ ಹೊಸ ಭಾಗವೇ ಸಮುದ್ರ ತುಂಬಿಸಿದ ನೆಲದ ಮೇಲಿದೆ; ಅದೇ ವರ್ಷ ಜುಲೈ 1ರಂದು ಬ್ರಿಟಿಷರು ನಗರವನ್ನು ಚೀನಾಕ್ಕೆ ಹಸ್ತಾಂತರಿಸಿದ ಸಮಾರಂಭವೂ ಅಲ್ಲೇ ನಡೆಯಿತು. ಸೆಂಟ್ರಲ್‌ನ ಫೆರಿ ಕಟ್ಟೆಯಿಂದ ಕ್ವೀನ್ಸ್ ರೋಡ್‌ವರೆಗೆ ನಡೆದು ನೋಡಿ: ಆ ರಸ್ತೆಯ ಬಳಿಯೇ ಹಿಂದೆ ಸಮುದ್ರದ ಅಂಚು ಇತ್ತು. ಅಲ್ಲಿಂದ ಮೇಲೆ ಹಳೆಯ ಪೊಲೀಸ್ ಠಾಣೆ ಮತ್ತು ಜೈಲನ್ನು ಕಲಾಕೇಂದ್ರವಾಗಿಸಿರುವ ತಾಯ್ ಕ್ವುನ್ ಸಿಗುತ್ತದೆ. ಅತ್ತ ಸಾಗುವ ಬಯಲು ಎಸ್ಕಲೇಟರು ಬೆಳಗ್ಗೆ 10ರವರೆಗೆ ಇಳಿಯುವ ದಿಕ್ಕಿನಲ್ಲಷ್ಟೇ ಚಲಿಸುವುದರಿಂದ ಆಮೇಲೆ ಹೋಗುವುದು ಮೇಲು.

ಇನ್ನು ಮೇಳದ ಮಾತು. ಇತ್ತೀಚಿನ ಆವೃತ್ತಿಗಳಲ್ಲಿ ಸುಮಾರು 240 ಗ್ಯಾಲರಿಗಳು ಸೇರುತ್ತಿವೆ, ಎಲ್ಲವನ್ನೂ ನೋಡಿಯೇ ತೀರುತ್ತೇನೆಂಬ ಹಟ ಬೇಡ. ಬೃಹತ್ ಕೃತಿಗಳ 'ಎನ್‌ಕೌಂಟರ್ಸ್' ವಿಭಾಗವನ್ನು ಮೊದಲು ನೋಡಿ, ಉಳಿದದ್ದಕ್ಕೆ ಒಂದು ಮಧ್ಯಾಹ್ನ ಸಾಕು. ಬೆಂಗಳೂರಿನ ಚಿತ್ರಸಂತೆಯಲ್ಲಿ ಕಲಾವಿದರ ಎದುರಿಗೇ ನಿಂತು ಬೆಲೆ ಕೇಳಿ ಅಭ್ಯಾಸವಾದವರಿಗೆ ಇಲ್ಲಿನ ಬಿಗುಮಾನ ಮುಜುಗರ ತರಬಹುದು, ಏಕೆಂದರೆ ಮಾತಿಗೆ ಸಿಗುವವರು ಹೆಚ್ಚಾಗಿ ಮಾರಾಟದವರು. ಸಮಾಧಾನವಾಗಿ ಕಲೆ ನೋಡಬೇಕೆಂದರೆ ವೆಸ್ಟ್ ಕೌಲೂನ್‌ನ ಎಂ ಪ್ಲಸ್ ಸಂಗ್ರಹಾಲಯಕ್ಕೆ ಒಂದು ಇಡೀ ದಿನ ಮೀಸಲಿಡಿ, ಸೋಮವಾರ ರಜೆ.

ಸಸ್ಯಾಹಾರಿಗಳಿಗೆ ನೇಥನ್ ರೋಡಿನ ಚುಂಗ್‌ಕಿಂಗ್ ಮ್ಯಾನ್ಷನ್ಸ್‌ನಲ್ಲಿ ಚಪಾತಿ, ಅನ್ನಕ್ಕೆ ಕೊರತೆಯಿಲ್ಲ.

ಮಾರ್ಚ್‌ನಲ್ಲಿ ಕಾವಳ ಹೆಚ್ಚು. ಬೆಳಗ್ಗೆ ಎದುರು ದಡದ ಕಟ್ಟಡಗಳ ತುದಿ ಕಾಣದಿದ್ದರೆ ವಿಕ್ಟೋರಿಯಾ ಪೀಕ್‌ಗೆ ಹೋಗಬೇಡಿ. ಅಂಥದೇ ದಿನ ಹತ್ತಿದ ನನಗೆ ಆಷಾಢದ ಮಡಿಕೇರಿಯ ರಾಜಾಸೀಟಿನಲ್ಲಿ ಕಾಣುವಷ್ಟೇ ಕಂಡಿತು.